ಕೆ-ರೇಷನ್ ಪ್ರತಿ ಕೊಳ್ಳುವವರೇ, ಒಳಗಿನ ಪೌಚ್ ತಿನ್ನಬೇಡಿ

ದಾವಣಗೆರೆಯಲ್ಲಿ ಹಳೆ ಮಿಲಿಟರಿ ಸಾಮಾನು ಕೂಡಿಡುವವರ ಕೈಗೆ ಈಚೆಗೆ ಮೂರು ಪೆಟ್ಟಿಗೆಗಳ ಸೆಟ್ ಒಂದು ಬಂತು. ಎರಡನೇ ಮಹಾಯುದ್ಧದ ಅಮೆರಿಕನ್ ಸೈನಿಕರ ಊಟದ ಪೆಟ್ಟಿಗೆಯಾದ ಕೆ-ರೇಷನ್‌ನ ಪ್ರತಿ: ಬ್ರೇಕ್‌ಫಾಸ್ಟ್ ಕಂದು, ಡಿನ್ನರ್ ನೀಲಿ, ಸಪ್ಪರ್ ಹಸಿರು. "ಅಸಲಿ ಅಲ್ಲ, ಹೊಸದಾಗಿ ಮಾಡಿದ್ದು, ಧೈರ್ಯವಾಗಿ ತಿನ್ನಬಹುದು" ಎಂದು ಬರೆದೇ ಆನ್‌ಲೈನ್‌ನಲ್ಲಿ ಮಾರಿದ್ದರು. ಮುದ್ರಣ ಚೆನ್ನಾಗಿತ್ತು, ಮೇಣ ಹಚ್ಚಿದ್ದೂ ನೀಟಾಗಿತ್ತು. ಸಪ್ಪರ್ ಪೆಟ್ಟಿಗೆಯಲ್ಲಿ ಮಾತ್ರ ಡಬ್ಬಿಯ ಬದಲು ಕಂದು ಪೌಚ್ ಇತ್ತು. ಚಿತ್ರದುರ್ಗದ ಕೋಟೆ ಸುತ್ತಿ ಇಳಿದ ಮೇಲೆ ಅದನ್ನು ಬಿಚ್ಚಿ ನಾಲ್ಕು ಚಮಚ ತಿಂದ ಹುಡುಗನಿಗೆ ರಾತ್ರಿಯೆಲ್ಲ ವಾಂತಿ, ಬೆಳಿಗ್ಗೆ ಡ್ರಿಪ್. ಮಾರಿದವರ ಫೋನ್ ಆಮೇಲೆ ಹತ್ತಲೇ ಇಲ್ಲ.

ಅನುಮಾನ ಪೌಚ್ ನೋಡಿದಾಗಲೇ ಬರಬೇಕಿತ್ತು. ಕೆ-ರೇಷನ್‌ನ ಮಾಂಸ, ಚೀಸ್ ಬರುತ್ತಿದ್ದದ್ದು ಕೀಲಿ ತಿರುಗಿಸಿ ತೆಗೆಯುವ ಸಣ್ಣ ತಗಡಿನ ಡಬ್ಬಿಯಲ್ಲಿ. ಅಮೆರಿಕನ್ ಸೈನಿಕರ ಹಾಗೇ ತಿನ್ನುವ ಬೇಯಿಸಿದ ಊಟ ಪೌಚಿಗೆ ಬಂದದ್ದು 1981ರ ಸಿದ್ಧ ಊಟದ ಪೊಟ್ಟಣವಾದ ಎಂಆರ್‌ಇಯಿಂದ. ಅಂದರೆ ಹೊಸ ರಟ್ಟಿನ ಪೆಟ್ಟಿಗೆಗೆ ಯಾವುದೋ ಹಳೆ ಎಂಆರ್‌ಇ ಬಿಚ್ಚಿ ತುಂಬಿದ್ದರು. ಎಂಆರ್‌ಇ ಸಾಗಿಸುವ ದೊಡ್ಡ ಪೆಟ್ಟಿಗೆಯ ಮೇಲೆ ಇದು ಸರ್ಕಾರದ ಸ್ವತ್ತು, ಮಾರುವುದು ಕಾನೂನುಬಾಹಿರ ಎಂದೇ ಅಚ್ಚಾಗಿರುತ್ತದೆ. ಆ ಪೆಟ್ಟಿಗೆ, ಹೊರಚೀಲ ಎರಡನ್ನೂ ಎಸೆದರೆ ಕಾಲ ಪತ್ತೆ ಮಾಡುವ ಗುರುತೂ ಹೋಗುತ್ತದೆ.

ಉಳಿಯುವುದು ನಾಲ್ಕು ಅಂಕಿ. ಈ ಪೌಚ್ ಮೇಲೆ 5156 ಎಂದಿತ್ತು. ಮೊದಲ ಅಂಕಿ ಇಸವಿಯ ಕೊನೆಯ ಅಂಕಿ, ಉಳಿದ ಮೂರು ವರ್ಷದ ಎಷ್ಟನೇ ದಿನ ಅನ್ನುವುದು. 156ನೇ ದಿನ ಅಂದರೆ ಜೂನ್ 5. ಆದರೆ ಯಾವ ದಶಕ? 2025 ಎಂದು ಮಾರುವವರು ಹೇಳುತ್ತಾರೆ, 2015 ಆಗಿರಬಹುದು, 2005 ಕೂಡ ಆಗಿರಬಹುದು. ಎಂಆರ್‌ಇಗೆ ಕೊಟ್ಟಿರುವ ಆಯುಷ್ಯ ಸುಮಾರು 27 ಡಿಗ್ರಿಯಲ್ಲಿ ಮೂರೂವರೆ ವರ್ಷ, 38 ಡಿಗ್ರಿಯಲ್ಲಿ ಬರೀ ಒಂಬತ್ತು ತಿಂಗಳು. ನಮ್ಮ ಕಡೆ ಏಪ್ರಿಲ್‌ನಲ್ಲಿ ಶೀಟಿನ ಮನೆಯ ಅಟ್ಟದ ಮೇಲೆ ಇಟ್ಟ ಪೆಟ್ಟಿಗೆ ಯಾವ ಲೆಕ್ಕಕ್ಕೆ ಬರುತ್ತದೆ ಅನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ. ಪೌಚ್ ಅಂದರೆ ಪಾಲಿಯೆಸ್ಟರ್, ಅಲ್ಯೂಮಿನಿಯಂ ಹಾಳೆ, ಪಾಲಿಪ್ರೊಪಿಲೀನ್ ಪದರ ಅಂಟಿಸಿದ್ದು. ಚಿಕ್ಕ ಪೆಟ್ಟಿಗೆಗೆ ಹಿಡಿಸಲು ಮಡಚಿದರೆ ಮಡಿಕೆಯಲ್ಲಿ ಅಲ್ಯೂಮಿನಿಯಂ ಬಿರುಕು ಬಿಟ್ಟು, ಕಣ್ಣಿಗೆ ಕಾಣದ ತೂತಿನಿಂದ ಗಾಳಿ, ಬ್ಯಾಕ್ಟೀರಿಯಾ ಒಳಗೆ ಹೋಗುತ್ತವೆ. ಈ ಪೌಚನ್ನೂ ಮಧ್ಯಕ್ಕೆ ಮಡಚಿಯೇ ತುರುಕಿದ್ದರು.

"ಊದಿಲ್ಲ, ವಾಸನೆ ಇಲ್ಲ, ಹಾಗಾದರೆ ಸರಿ ಇದೆ" ಅನ್ನುವ ಮಾತನ್ನು ದಯವಿಟ್ಟು ನಂಬಬೇಡಿ. ಊದಿದ್ದನ್ನು ಎಸೆಯಲೇಬೇಕು, ಊದದೇ ಕೆಡುವುದೂ ಉಂಟು. ಗಾಳಿಯಾಡದ ಊಟದಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಬಿಡುವ ಬೊಟುಲಿನಮ್ ವಿಷಕ್ಕೆ ರುಚಿ, ವಾಸನೆ ಗೊತ್ತಾಗದೇ ಇರಬಹುದು. ಲಕ್ಷಣ ಸಾಮಾನ್ಯವಾಗಿ 12ರಿಂದ 36 ಗಂಟೆಯೊಳಗೆ ಶುರು: ಒಂದು ವಸ್ತು ಎರಡಾಗಿ ಕಾಣುವುದು, ರೆಪ್ಪೆ ಜೋಲುವುದು, ಬಾಯಿ ಒಣಗುವುದು, ಮಾತು ತೊದಲುವುದು, ನುಂಗಲು ಆಗದಿರುವುದು. ಜ್ವರ ಸಾಮಾನ್ಯವಾಗಿ ಇರುವುದಿಲ್ಲ. ಹೀಗಾದರೆ ಮನೆಮದ್ದು ಮಾಡುತ್ತ ಕೂರದೆ ಪೌಚ್ ಸಮೇತ ದೊಡ್ಡ ಆಸ್ಪತ್ರೆಗೆ ಓಡಿ.

ಅಸಲಿ ಹಳೆ ಡಬ್ಬಿ ಸಿಕ್ಕರೆ ಅದು ನೋಡುವುದಕ್ಕೆ ಮಾತ್ರ. ಆ ಕಾಲದ ಡಬ್ಬಿಗಳ ಬೆಸುಗೆಯಲ್ಲಿ ಸೀಸ ಇರುತ್ತಿತ್ತು. ಡಬ್ಬಿ ಒಡೆದು ಸೋರಿದರೆ ಕೈಗವಸು ಹಾಕಿ, ಚೆಲ್ಲಿದ ಜಾಗಕ್ಕೆ ಕಾಗದ ಹಾಸಿ, ಎಂಟು ಪಾಲು ನೀರಿಗೆ ಒಂದು ಪಾಲು ದ್ರವ ಬ್ಲೀಚ್ ಬೆರೆಸಿ ಸುರಿದು 15 ನಿಮಿಷ ಬಿಟ್ಟು ಒರೆಸಿ. ಎರಡೆರಡು ಕವರ್‌ನಲ್ಲಿ ಕಟ್ಟಿ ಬಿಸಾಕಿ. ನಾಯಿಗೆ, ದನಕ್ಕೆ ಹಾಕಬೇಡಿ.

ಊಟ ಬಿಸಿ ಮಾಡುವ ಹೀಟರ್ ಪೊಟ್ಟಣದ ಮಾತೂ ಇದೆ. ಎಂಆರ್‌ಇ ಹೀಟರ್‌ನ ಮೆಗ್ನೀಸಿಯಂ-ಕಬ್ಬಿಣದ ಪುಡಿಗೆ ನೀರು ಬಿದ್ದರೆ ಬಿಸಿಯ ಜೊತೆ ಹೈಡ್ರೋಜನ್ ಹೊರಬರುತ್ತದೆ, ಪಕ್ಕದಲ್ಲಿ ಬೀಡಿ ಹಚ್ಚಿದರೂ ಭಗ್ ಅನ್ನುತ್ತದೆ. ಕೆಲವು ಪ್ರತಿಗಳಲ್ಲಿ ಅದರ ಬದಲು ಸುಟ್ಟ ಸುಣ್ಣದ ಪೊಟ್ಟಣ ಇಡುತ್ತಾರೆ. ಅದು ಸಿಡಿದು ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು.

ಪ್ರತಿಯನ್ನೇ ಅಸಲಿ ಎಂದು ಮಾರುವವರೂ ಇದ್ದಾರೆ. "ಚಳ್ಳಕೆರೆ ಡಿಆರ್‌ಡಿಒ ಮಾಲು" ಎಂಬ ಮಾತು ಕೇಳಿದರೆ ನಕ್ಕುಬಿಡಿ. ಅಲ್ಲಿರುವುದು ವಿಮಾನಗಳ ಪರೀಕ್ಷಾ ವಲಯ, ಊಟದ ಗೋದಾಮಲ್ಲ. 1965 ಅಥವಾ 1971ರ ಯುದ್ಧದ್ದು ಅನ್ನುವ ಡಬ್ಬಿಯಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ ಅದು ನಕಲಿ. ಪಿನ್ ಬಂದದ್ದೇ 1972ರ ಆಗಸ್ಟ್ 15ಕ್ಕೆ. ಹಸಿರು ಚುಕ್ಕೆ 2001ರದ್ದು, ₹ ಚಿಹ್ನೆ 2010ರದ್ದು. 1943ರ ಅಮೆರಿಕನ್ ಪೆಟ್ಟಿಗೆಯ ವಿಳಾಸದಲ್ಲಿ ಐದಂಕಿಯ ಜಿಪ್ ಕೋಡ್ ಇರಲು ಸಾಧ್ಯವಿಲ್ಲ, ಅದು ಶುರುವಾದದ್ದು 1963ರಲ್ಲಿ. ನೋಟು ಪರೀಕ್ಷಿಸುವ ಯುವಿ ಟಾರ್ಚ್ ಇದ್ದರೆ ಮೇಣ ಹತ್ತದ ಒಳಬದಿಯ ರಟ್ಟಿನ ಮೇಲೆ ಬಿಡಿ. ನೀಲಿಯಾಗಿ ಹೊಳೆದರೆ ಈಚಿನ ಕಾಗದ. ಹೊಳೆಯದಿದ್ದರೆ ಏನೂ ಸಾಬೀತಾಗುವುದಿಲ್ಲ, ಕಂದು ಕ್ರಾಫ್ಟ್ ಕಾಗದ ಇವತ್ತಿನದಾದರೂ ಹೊಳೆಯುವುದಿಲ್ಲ.

ಪ್ರತಿ ಬೇಕೇ ಬೇಕು ಅನ್ನುವವರು ಖಾಲಿ ಪೆಟ್ಟಿಗೆ ತರಿಸಿ ಒಳಗಿನದನ್ನು ತಾವೇ ತುಂಬಿಕೊಳ್ಳುವುದು ಒಳ್ಳೆಯದು. ಅಂಗಡಿಯ ಬಿಸ್ಕತ್ತು, ಚಾಕೊಲೇಟ್, ನಿಂಬೆ ಶರಬತ್ತಿನ ಪುಡಿ ಸಾಕು. ಪೌಚ್ ಊಟವೇ ಬೇಕಾದರೆ 14 ಅಂಕಿಯ ಎಫ್ಎಸ್ಎಸ್ಎಐ ನಂಬರ್, ತಯಾರಾದ ದಿನ, ಮುಗಿಯುವ ದಿನ ಇರುವುದನ್ನು ತನ್ನ ಕವರ್‌ನಲ್ಲೇ ಮಡಚದೆ ಇಡಿ. ಪೆಟ್ಟಿಗೆಗೆ ಹಚ್ಚುವ ಮೇಣವನ್ನು ನೇರ ಒಲೆಯ ಮೇಲಿಡದೆ ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ಮೇಣದಬತ್ತಿಯ ಮೇಣ ತಿನ್ನುವ ವಸ್ತುವಿಗೆ ತಾಗಬಾರದು. ಮುಚ್ಚಳದ ಒಳಬದಿಗೆ "ಪ್ರತಿ" ಎಂದು ಅಳಿಯದ ಶಾಯಿಯಲ್ಲಿ ಬರೆದು ತಿಂಗಳು, ಇಸವಿ ಹಾಕಿ. ನಾಳೆ ಅದು ಇನ್ನೊಬ್ಬರ ಕೈಗೆ ಹೋಗುತ್ತದೆ.

ತುಂಬಿದ ಪೆಟ್ಟಿಗೆ ಮಾರುವವರ ಹತ್ತಿರ ದುಡ್ಡು ಕಳಿಸುವ ಮೊದಲೇ ಒಳಗಿನ ಒಂದೊಂದು ಪೊಟ್ಟಣದ ಎರಡೂ ಬದಿಯ ಫೋಟೋ ಕೇಳಿ. "ಬಿಚ್ಚಿದರೆ ಬೆಲೆ ಹೋಗುತ್ತದೆ" ಎಂಬ ಉತ್ತರ ಬಂದರೆ ಅಲ್ಲಿಗೆ ಬಿಡಿ. ಈಗಾಗಲೇ ಮೋಸ ಹೋಗಿದ್ದರೆ ಪಾರ್ಸೆಲ್‌ನ ಕವರ್, ಚಾಟ್, ಯುಪಿಐ ರಸೀದಿ ಇಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.