ಮೂರು ಕಾಗದದ ಕಾಡುಗಳು

ನನ್ನ ಮೇಜಿನ ಮೇಲೆ ಮೂರು ಕಾಡುಗಳಿವೆ. ಮೂರೂ ಫ್ರಾನ್ಸಿನ ಕಾಗದದ ಆಟಿಕೆ ರಂಗಮಂದಿರಕ್ಕೆಂದು ಅಚ್ಚಾದ ಹಿಂಪರದೆಗಳು. ಕಾಡು, ಬೀದಿ, ಸೆರೆಮನೆ, ಸಿರಿವಂತರ ಪಡಸಾಲೆ: ನಮ್ಮ ನಾಟಕ ಕಂಪನಿಗಳ ಪರದೆಗಳಂತೆ ಈ ಹಾಳೆಗಳೂ ಯಾವ ಕಥೆಗಾದರೂ ಸಲ್ಲುತ್ತವೆ.

ಮೊದಲನೆಯದು ಎಪಿನಾಲ್ ಊರಿನ ಪೆಲ್ಲೆರಾಂ ಮುದ್ರಣಾಲಯದ್ದು. 1796ರಲ್ಲಿ ಶುರುವಾದ ಮನೆ ಅದು. ಅಲ್ಲಿ ರೇಖೆಗಳನ್ನು ಅಚ್ಚು ಹಾಕಿ, ಬಣ್ಣವನ್ನು ಕೊರೆದ ಪಡಿಯಚ್ಚಿನ (ಸ್ಟೆನ್ಸಿಲ್) ಮೇಲೆ ಕುಂಚವಾಡಿಸಿ ತುಂಬುತ್ತಿದ್ದರು. ಹಾಗಾಗಿ ನನ್ನ ಹಾಳೆಯಲ್ಲಿ ಮರದ ಹಸಿರು ಗೆರೆ ದಾಟಿ ಆಕಾಶಕ್ಕೆ ನುಗ್ಗಿದೆ. ಕುಂಚದ ಎಳೆಗಳೂ ಕಾಣುತ್ತವೆ.

ಎರಡನೆಯದು ಆಲ್ಸೇಸ್‌ನ ವಿಸಾಂಬೂರಿನಲ್ಲಿ ವೆಂಟ್ಸೆಲ್ ಅಚ್ಚು ಹಾಕಿದ ಕಲ್ಲಚ್ಚು (ಲಿಥೋಗ್ರಾಫ್), ಕಲ್ಲಿನ ಮೇಲೆ ಬರೆದ ಚಿತ್ರದಿಂದ ತೆಗೆದ ಪ್ರತಿ. ಅದು ಫ್ರಾನ್ಸ್-ಜರ್ಮನಿ ಗಡಿಯ ಊರು, 1871ರಲ್ಲಿ ಜರ್ಮನಿಯ ಪಾಲಾಯಿತು. ಹಾಳೆಯ ಅಡಿಯಲ್ಲಿ ಫ್ರೆಂಚ್, ಜರ್ಮನ್ ಎರಡರಲ್ಲೂ ಬರಹವಿದೆ. ಒಂದೊಂದು ಎಲೆಯೂ ಬಿಡಿಬಿಡಿಯಾಗಿ ಕಾಣುವಷ್ಟು ನಾಜೂಕು ಕೆಲಸ. ಕೈಯಲ್ಲಿ ಹಿಡಿದು ನೋಡುವುದಾದರೆ ಇದರ ಮುಂದೆ ಪೆಲ್ಲೆರಾಂ ಒರಟು.

ಆದರೆ ಪರದೆ ಇರುವುದು ಕೈಯಲ್ಲಿ ಹಿಡಿಯಲಿಕ್ಕಲ್ಲವಲ್ಲ. ಎರಡನ್ನೂ ಸ್ಕ್ಯಾನ್ ಮಾಡಿ, ಪ್ರತಿಗಳನ್ನು ರಟ್ಟಿಗೆ ಅಂಟಿಸಿ, ಪುಟ್ಟ ರಂಗದ ಮೇಲೆ ನಿಲ್ಲಿಸಿದೆ. ನಾಲ್ಕು ಹೆಜ್ಜೆ ಹಿಂದೆ ಸರಿದಾಗ ವೆಂಟ್ಸೆಲ್‌ನ ಕಾಡು ಬೂದು ಮಂಜಾಯಿತು. ಪೆಲ್ಲೆರಾಂನ ಕಾಡು ಕಾಡಾಗಿಯೇ ನಿಂತಿತು. ಒಂದೇ ಹಾಳೆಗೆ ಹಣವಿದ್ದರೆ ನಾನು ಕೊಳ್ಳುವುದು ಪೆಲ್ಲೆರಾಂ.

ಇನ್ನು ಮೂರನೆಯದು. ಹಳೆಯದೆಂದು ನಂಬಿ, ಹಳೆಯದರ ಬೆಲೆಯನ್ನೇ ತೆತ್ತು ತಂದ ಹಾಳೆ. ಮನೆಗೆ ಬಂದು ಭೂತಗನ್ನಡಿ ಹಿಡಿದರೆ ಕುಂಚದ ಎಳೆಯೇ ಇಲ್ಲ, ಬಣ್ಣವೆಲ್ಲ ಸಾಲುಸಾಲು ಚುಕ್ಕೆ. ಕತ್ತಲಲ್ಲಿ ನೇರಳಾತೀತ ಟಾರ್ಚ್ ಹಾಯಿಸಿದರೆ ಕಾಗದ ನೀಲಿಯಾಗಿ ಹೊಳೆಯಿತು. ಕಾಗದಕ್ಕೆ ಹಾಗೆ ಹೊಳೆಯುವ ಬಿಳುಪುಕಾರಕ ಸೇರತೊಡಗಿದ್ದು ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ. ಅಂದರೆ ಇದು ಈಚಿನ ಮರುಮುದ್ರಣ. ಮಾರಿದವರನ್ನು ಕೇಳಿದೆ, ಉತ್ತರ ಬರಲಿಲ್ಲ. ಆ ಟಾರ್ಚ್ ಈಗ ನನ್ನ ಚೀಲದಲ್ಲೇ ಇರುತ್ತದೆ.

ವಾರವಿಡೀ ಆ ಹಾಳೆಯನ್ನು ಶಪಿಸಿದೆ. ಆಮೇಲೆ ಕತ್ತರಿ ಕೈಗೆತ್ತಿಕೊಂಡೆ. ಹಳೆಯ ಹಾಳೆಯನ್ನು ಕತ್ತರಿಸಿದರೆ ಸಂಗ್ರಹಕಾರರ ಕಣ್ಣಲ್ಲಿ ಅದರ ಬೆಲೆ ಇಳಿಯುತ್ತದೆ, ನನಗೂ ಕೈ ಬಾರದು. ಇದಕ್ಕೆ ಆ ಅಂಜಿಕೆಯಿಲ್ಲ. ಕಾಗದವೂ ಗಟ್ಟಿ, ಅಂಟು ಹಚ್ಚಿದರೆ ಸುಕ್ಕಾಗುವುದಿಲ್ಲ. ಈಗ ಸೈಡ್‌ವಿಂಗುಗಳಿಗಾಗಿ ಅದರದೇ ಇನ್ನೆರಡು ಪ್ರತಿ ಹುಡುಕುತ್ತಿದ್ದೇನೆ, ಈ ಸಲ ಮರುಮುದ್ರಣದ ಬೆಲೆಗೆ.