ವರ್ಕ್‌ಶಾಪ್ ಬೆಚ್ಚಗಿಡೋಕೆ ಯಾವ ಸೌದೆ ಸ್ಟೌ? ಡ್ರಮ್, ಸ್ಟೀಲ್, ರಾಕೆಟ್, ಹೊಟ್ಟಿನ ಒಲೆ ಎಲ್ಲಾ ಉರಿಸಿ ನೋಡಿದ್ಮೇಲೆ

ಮೊದಲೇ ಹೇಳ್ಬಿಡ್ತೀನಿ, ನನ್ನ ವೋಟು ಒಳಗಡೆ ಫೈರ್‌ಬ್ರಿಕ್ (ಕಾವು ತಾಳೋ ಇಟ್ಟಿಗೆ) ಕೂರಿಸಿರೋ, ಸೆಕೆಂಡರಿ ಗಾಳಿ (ಹೊಗೆಯನ್ನೂ ಸುಡೋಕೆ ಮೇಲ್ಗಡೆ ಬಿಡೋ ಎರಡನೇ ಗಾಳಿ) ಕೊಡೋ ಸ್ಟೀಲ್ ಪ್ಲೇಟ್ ಸ್ಟೌಗೇ. ಆದ್ರೆ ಯಾಕೆ ಅಂತ ಗೊತ್ತಾಗ್ದೆ ತಗೊಂಡ್ರೆ ಅದೂ ದಂಡ. ವರ್ಕ್‌ಶಾಪ್ ಅಂದ್ರೆ ಮನೆ ಅಲ್ಲ ನೋಡಿ, ಮನೇಲಿ ದಿನಪೂರ್ತಿ ಸಣ್ಣ ಉರಿ ಇದ್ರೂ ನಡೆಯುತ್ತೆ, ಇಲ್ಲಿ ಹಾಗಲ್ಲ, ತಣ್ಣಗೆ ಕೊರೆಯೋ ಶೆಡ್ ಬಾಗಿಲು ತೆಗೀತೀವಿ, ಅರ್ಧ ಗಂಟೇಲಿ ಕೈಬೆರಳು ಆಡ್ಬೇಕು, ಮೂರ್ನಾಲ್ಕು ಗಂಟೆ ಕೆಲಸ ಮಾಡಿ ಬೀಗ ಹಾಕ್ಕೊಂಡು ಹೋಗ್ತೀವಿ. ಲೇಬಲ್ ಮೇಲೆ ಬರೆದಿರೋ ಎಫಿಷಿಯನ್ಸಿ ಟೆಸ್ಟ್ ರೂಮಲ್ಲಿ ಅಳೆದಿದ್ದು, ನಮಗೆ ಮುಖ್ಯ ಆಗೋದು ಮೊದಲನೇ ಒಂದು ಗಂಟೆ.

ಶಾಖ ಬೇಕಾಗಿರೋದು ಬರೀ ಮೈಗೆ ಅಂದ್ಕೋಬೇಡಿ. ಬಿಳಿ ಮರದಂಟು ಹತ್ತು ಡಿಗ್ರಿ ಆಸುಪಾಸಿಗಿಂತ ಕೆಳಗೆ ಇಳಿದ್ರೆ ಸರಿಯಾಗಿ ಪದರ ಕಟ್ಟಲ್ಲ, ಒಣಗಿದ ಮೇಲೆ ಜಾಯಿಂಟ್ ಅಂಚಲ್ಲಿ ಬೆಳ್ಳಗೆ ಪುಡಿಪುಡಿಯಾಗಿ ಕೂತಿರುತ್ತೆ, ಉಗುರಲ್ಲಿ ಕೆರೆದ್ರೆ ಉದುರುತ್ತೆ, ಆ ಜಾಯಿಂಟ್ ನಂಬೋ ಹಾಗಿಲ್ಲ. ಇನ್ನೊಂದು, ಚಿಮ್ನಿ ಇಲ್ದೇ ಇರೋ ಗ್ಯಾಸ್ ಹೀಟರ್ ಹಚ್ಚಿದ್ರೆ ಗ್ಯಾಸ್ ಉರಿದಾಗ ಬರೋ ನೀರಾವಿ ಎಲ್ಲಾ ಒಳಗೇ ಉಳಿಯುತ್ತೆ, ತಣ್ಣಗಿರೋ ಗರಗಸದ ಎರಕದ ಟೇಬಲ್ ಮೇಲೆ ಬೆವರಾಗಿ ಕೂತು ತುಕ್ಕು ಹಿಡಿಸುತ್ತೆ. ಸೌದೆ ಸ್ಟೌ ಆ ಆವಿನ ಚಿಮ್ನಿಯಿಂದ ಹೊರಗೆ ಕಳಿಸುತ್ತೆ. ನಾನು ಸೌದೆ ಕಡೆ ಬಂದಿದ್ದಕ್ಕೆ ಅರ್ಧ ಕಾರಣ ಇದೇ.

ಈಗ ಡ್ರಮ್ ಸ್ಟೌ. 200 ಲೀಟರ್ ಡ್ರಮ್ ಅಡ್ಡ ಮಲಗಿಸಿ, ಬಾಗಿಲು, ಕಾಲು, ಪೈಪ್ ಕಾಲರ್ ಕೂರಿಸಿದ್ರೆ ಆಯ್ತು, ಇದಕ್ಕಿಂತ ಅಗ್ಗದ್ದು ಸಿಗಲ್ಲ. ಉದ್ದುದ್ದ ಸೌದೆ ಹಾಗೇ ತುರುಕಬಹುದು, ತಗಡು ತೆಳ್ಳಗಿರೋದ್ರಿಂದ ಹತ್ತು ನಿಮಿಷಕ್ಕೆಲ್ಲ ಶಾಖ ಮುಖಕ್ಕೆ ಹೊಡಿಯುತ್ತೆ. ಆದ್ರೆ ಸೌದೆ ತಿನ್ನೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ, ಉರಿ ನೇರ ಪೈಪಿಗೇ ಓಡುತ್ತೆ, ಹೆಚ್ಚುಕಮ್ಮಿ ಅರ್ಧ ಶಾಖ ಆಕಾಶಕ್ಕೆ. ಉಳಿಸೋಣ ಅಂತ ಗಾಳಿ ಬಾಗಿಲು ಮುಚ್ಚಿದ್ರೆ ಸೌದೆ ಉರಿಯಲ್ಲ, ಬರೀ ಹೊಗೆಯಾಡುತ್ತೆ, ಆ ಹೊಗೆ ಪೈಪಲ್ಲಿ ತಣ್ಣಗಾಗಿ ಕಪ್ಪು ಅಂಟಂಟು ಕ್ರಿಯೋಸೋಟ್ ಆಗಿ ಕೂರುತ್ತೆ, ಇಲ್ಲಣಕ್ಕಿಂತ ಕಡೆ, ಯಾವತ್ತೋ ಒಂದಿನ ಜೋರಾಗಿ ಉರಿ ಹಾಕಿದಾಗ ಚಿಮ್ನಿ ಒಳಗೇ ಬೆಂಕಿ ಹತ್ತಿಕೊಳ್ಳುತ್ತೆ. ಡ್ರಮ್ ತಳಕ್ಕೆ ಮರಳು ಅಥವಾ ಫೈರ್‌ಬ್ರಿಕ್ ಹಾಕ್ದೇ ಇದ್ರೆ ತಗಡು ಬೇಗ ಸುಟ್ಟು ತೂತಾಗುತ್ತೆ. ಪೇಂಟ್ ಇದ್ರೆ ಮೊದಲು ಹೊರಗಡೆ ಒಂದ್ಸಲ ಜೋರಾಗಿ ಉರಿಸಿ ಸುಟ್ಟು ಹಾಕಿ, ಮತ್ತೆ ದಯವಿಟ್ಟು ಕೆಮಿಕಲ್ಲೋ ಪೆಟ್ರೋಲೋ ತುಂಬಿದ್ದ ಡ್ರಮ್‌ಗೆ ಗ್ರೈಂಡರ್ ಇಡೋಕೆ ಹೋಗ್ಬೇಡಿ, ಖಾಲಿ ಅಂತ ಕಂಡ್ರೂ ಒಳಗಿನ ಆವಿ ಸಾಕು ಸಿಡಿಯೋಕೆ.

ಸ್ಟೀಲ್ ಪ್ಲೇಟ್ ಸ್ಟೌ ಆಟವೇ ಬೇರೆ. ಒಳಗೆ ಮೇಲ್ಗಡೆ ಒಂದು ಅಡ್ಡ ಪ್ಲೇಟ್ ಇರುತ್ತೆ, ಅದಕ್ಕೆ ಬ್ಯಾಫಲ್ ಅಂತಾರೆ, ಅದರ ಕೆಳಗೆ ಸಾಲಾಗಿ ತೂತು ಕೊರೆದಿರೋ ಪೈಪುಗಳು. ಹೊರಗಿನ ಗಾಳಿ ಸ್ಟೌ ಮೈಯಲ್ಲೇ ಸುತ್ತಿ ಕಾದು ಆ ತೂತುಗಳಿಂದ ಬರುತ್ತೆ, ಒಳಗೆ 600 ಡಿಗ್ರಿ ಹತ್ರ ಕಾವು ಇದ್ದಾಗ ಸೌದೆಯಿಂದ ಎದ್ದ ಹೊಗೆಗೇ ಬೆಂಕಿ ಹತ್ತುತ್ತೆ. ಗಾಜಲ್ಲಿ ನೋಡಿದ್ರೆ ಸೌದೆಗೂ ಉರಿಗೂ ಸಂಬಂಧವೇ ಇಲ್ಲ ಅನ್ನೋ ಹಾಗೆ ಮೇಲ್ಗಡೆ ಗ್ಯಾಸ್ ಬರ್ನರ್ ಥರ ಸಾಲು ಜ್ವಾಲೆ, ಆಗ ಹೊರಗೆ ಹೋಗಿ ಚಿಮ್ನಿ ನೋಡಿ, ಹೊಗೇನೇ ಕಾಣಲ್ಲ, ಬರೀ ಬಿಸಿಗಾಳಿ ನಡುಗೋದು ಕಾಣುತ್ತೆ. ಡ್ರಮ್‌ಗಿಂತ ಸ್ವಲ್ಪ ನಿಧಾನ ಕಾಯುತ್ತೆ ನಿಜ, ಪ್ಲೇಟ್ ದಪ್ಪ, ಇಟ್ಟಿಗೆ ಬೇರೆ. ಆದ್ರೆ ಒಂದ್ಸಲ ತುಂಬಿದ್ರೆ ಪದೇ ಪದೇ ಎದ್ದು ಸೌದೆ ಹಾಕೋ ಕಿರಿಕಿರಿ ಇಲ್ಲ, ಕೆಲಸದ ಮಧ್ಯೆ ಅದು ದೊಡ್ಡ ವಿಷಯ. ಎರಕದ ಕಬ್ಬಿಣದ್ದೂ ನೋಡಿದ್ದೀನಿ, ಚೆಂದ ಇರುತ್ತೆ, ಶಾಖ ಹಿಡ್ಕೊಳ್ಳುತ್ತೆ, ಆದ್ರೆ ಕಾಯೋಕೂ ಹೊತ್ತು ತಗೊಳ್ಳುತ್ತೆ, ವರ್ಷಗಳು ಕಳೆದ್ಮೇಲೆ ಜೋಡಣೆಯ ಸಿಮೆಂಟ್ ಉದುರಿ ಗಾಳಿ ಸೋರೋಕೆ ಶುರು ಆಗುತ್ತೆ. ವರ್ಕ್‌ಶಾಪಿಗೆ ವೆಲ್ಡ್ ಮಾಡಿದ ಸ್ಟೀಲೇ ವಾಸಿ.

ಕೊಳ್ಳುವಾಗ ಲೇಬಲ್ ನೋಡಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ 2020ರಿಂದ ಗಂಟೆಗೆ 2 ಗ್ರಾಮ್ ಹೊಗೆ ಕಣದ ಮಿತಿ ಇಟ್ಟಿದೆ, ಟೆಸ್ಟಿಗೆ ಅಂತ ಅಳತೆಗೆ ಕೊಯ್ದ ತುಂಡುಗಳ ಬದಲು ನಿಜವಾದ ಸೌದೆ ಹಾಕಿ ಟೆಸ್ಟ್ ಮಾಡಿದ್ರೆ 2.5. ಯುರೋಪಿನ ಇಕೋಡಿಸೈನ್ ನಿಯಮ 2022ರಿಂದ ಬಾಗಿಲು ಮುಚ್ಚೋ ಸೌದೆ ಸ್ಟೌಗೆ ಕನಿಷ್ಠ ಶೇ. 65 ಎಫಿಷಿಯನ್ಸಿ ಕೇಳುತ್ತೆ. ಇವೆರಡರಲ್ಲಿ ಒಂದು ಪಾಸಾಗಿದ್ರೂ ಒಳಗೆ ಸೆಕೆಂಡರಿ ಗಾಳಿನೋ ಕ್ಯಾಟಲಿಸ್ಟೋ ಏನೋ ಒಂದು ಇದ್ದೇ ಇರುತ್ತೆ ಅಂದ್ಕೊಳ್ಳಬಹುದು.

ಕ್ಯಾಟಲಿಸ್ಟ್ ಸ್ಟೌ ಬಗ್ಗೆ ಹೆಚ್ಚು ಹೇಳಲ್ಲ. ಪ್ಲಾಟಿನಂ, ಪಲ್ಲಾಡಿಯಂ ಲೇಪ ಇರೋ ಜಾಲರಿ ಮೂಲಕ ಹೊಗೆ ಹಾದು 260 ಡಿಗ್ರಿಗೇ ಉರಿದು ಹೋಗುತ್ತೆ, ರಾತ್ರಿಪೂರ್ತಿ ಸಣ್ಣ ಉರೀಲಿ ಇಡೋರಿಗೆ ಅದಕ್ಕಿಂತ ಚೆನ್ನಾಗಿರೋದಿಲ್ಲ. ಆದ್ರೆ ಪೇಂಟ್ ತಾಗಿದ ಮರದ ತುಂಡು, ಪ್ಲೈವುಡ್ ಚೂರು ಹಾಕಿದ್ರೆ ಜಾಲರಿ ಕೆಟ್ಟು ಹೋಗುತ್ತೆ, ವರ್ಕ್‌ಶಾಪಲ್ಲಿ ಅಂಥ ಚೂರು ಕಾಲಿಗೆ ಸಿಗ್ತಾನೇ ಇರುತ್ತಲ್ಲ, ಸಹಾಯಕ್ಕೆ ಬಂದೋರು ಯಾರೋ ಒಬ್ರು ಹಾಕೇ ಹಾಕ್ತಾರೆ. (ಯಾವ ಸ್ಟೌ ಆದ್ರೂ ಪ್ಲೈವುಡ್, ಎಂಡಿಎಫ್, ಔಷಧಿ ಹೊಡೆದ ಮರ ಹಾಕಬಾರದು ಬಿಡಿ, ಅಂಥ ಹಳೇ ಟ್ರೀಟೆಡ್ ಮರದಲ್ಲಿ ಆರ್ಸೆನಿಕ್ ಅನ್ನೋ ವಿಷ ಇರಬಹುದು.)

ರಾಕೆಟ್ ಮಾಸ್ ಹೀಟರ್‌ಗೆ ಭಕ್ತರು ಜಾಸ್ತಿ, ಅವರ ಜೊತೆ ಜಗಳ ಬೇಡ. ಲ್ಯಾರಿ ವಿನಿಯಾರ್ಸ್ಕಿ 1980ರ ದಶಕದಲ್ಲಿ ರೂಪಿಸಿದ ರಾಕೆಟ್ ಒಲೆಯನ್ನೇ ಇಯಾಂಟೋ ಇವಾನ್ಸ್ ಮನೆ ಬೆಚ್ಚಗೆ ಮಾಡೋ ಹೀಟರ್ ಆಗಿ ಬೆಳೆಸಿದ್ದು. ಇಂಗ್ಲಿಷ್ ಜೆ ಅಕ್ಷರದ ಆಕಾರ, ಸುತ್ತ ಶಾಖ ಹೊರಗೆ ಬಿಡದ ಹೊದಿಕೆ ಇರೋ ನೆಟ್ಟಗಿನ ಕೊಳವೆ, ಅದರೊಳಗೆ ಉರಿ ಗುಡುಗುಡು ಅಂತ ಸದ್ದು ಮಾಡುತ್ತೆ, ಹೊಗೆ ಪೂರ್ತಿ ಸುಟ್ಟು ಹೋಗುತ್ತೆ, ಉಳಿದ ಬಿಸಿಗಾಳಿ ಮಣ್ಣಿನ ಕಟ್ಟೆಯೊಳಗೆ ಸುತ್ತಿ ಶಾಖ ಬಿಟ್ಟು ಆಚೆ ಹೋಗುತ್ತೆ. ಸೌದೆ ಉಳಿತಾಯದಲ್ಲಿ ಇದನ್ನ ಮೀರಿಸೋದು ಕಷ್ಟ, ಕಡ್ಡಿ ಪುರಲೆ ಸಾಕು. ಆದ್ರೆ ಕಟ್ಟೆ ಬಿಸಿಯಾಗೋ ಹೊತ್ತಿಗೆ ನನ್ನ ಕೆಲಸ ಮುಗಿದು ಮನೆಗೆ ಹೊರಡೋ ಟೈಮು, ನಾನಿಲ್ಲದಾಗ ಶೆಡ್ ಬೆಚ್ಚಗೆ ಕೂತಿರುತ್ತೆ. ಮೇಲಾಗಿ ಅರ್ಧ ಗಂಟೆಗೊಮ್ಮೆ ಕಡ್ಡಿ ಹಾಕ್ತಿರಬೇಕು, ಪೀಟರ್ ವ್ಯಾನ್ ಡೆನ್ ಬರ್ಗ್ ಅವರ ಬ್ಯಾಚ್ ಬಾಕ್ಸ್ ಡಿಸೈನ್‌ನಲ್ಲಿ ಒಟ್ಟಿಗೆ ತುಂಬಬಹುದು, ಕಟ್ಟೆ ಸಮಸ್ಯೆ ಮಾತ್ರ ಹಾಗೇ. ದಿನಾ ಬೆಳಗ್ಗೆಯಿಂದ ಸಂಜೆ ಅಲ್ಲೇ ಇರೋರಾದ್ರೆ ಕಣ್ಮುಚ್ಚಿ ಕಟ್ಟಿಸಿ.

ಹೊಟ್ಟಿನ ಒಲೆ ನನಗೆ ಬಹಳ ಇಷ್ಟ ಆಗಿದ್ದು, ಯಾಕಂದ್ರೆ ಸೌದೆ ಖರ್ಚೇ ಇಲ್ಲ. ಡಬ್ಬದ ಮಧ್ಯೆ ಒಂದು ಪೈಪ್ ನಿಲ್ಲಿಸಿ ಸುತ್ತ ಗರಗಸದ ಹೊಟ್ಟು ತುಂಬಿ ಚೆನ್ನಾಗಿ ದಮ್ಮಸ್ಸು ಮಾಡಿ, ಪೈಪ್ ತಿರುಗಿಸ್ತಾ ನಿಧಾನಕ್ಕೆ ಎಳೆದು, ಕೆಳಗಿನ ತೂತಿಂದ ಹಚ್ಚೋದು. ತೂತಿನ ಒಳಗೋಡೆಯಿಂದ ಹೊರಕ್ಕೆ ಉರೀತಾ ಹೋಗುತ್ತೆ, ಗಂಟೆಗಟ್ಟಲೆ ಮುಟ್ಟೋದೇ ಬೇಡ. ಸಡಿಲ ತುಂಬಿದ್ರೆ ಮಾತ್ರ ಮಧ್ಯದಲ್ಲಿ ಕುಸಿದು ತೂತು ಮುಚ್ಚಿ ಶೆಡ್ ತುಂಬಾ ಹೊಗೆ, ಹಚ್ಚಿದ ಮೇಲೆ ಆರಿಸೋಕೂ ಆಗಲ್ಲ, ಮತ್ತೆ ತುಂಬೋಕೂ ಆಗಲ್ಲ. ಉರೀತಿರೋ ಸ್ಟೌ ಒಳಗೆ ನುಣ್ಣನೆ ಹೊಟ್ಟು ಬೊಗಸೆಯಲ್ಲಿ ಎರಚೋ ಚಾಳಿ ಇದ್ರೆ ಬಿಟ್ಬಿಡಿ, ಭಗ್ ಅಂತ ಮುಖಕ್ಕೇ ಬರುತ್ತೆ.

ಇಷ್ಟೆಲ್ಲಾ ಆದ್ರೂ ಹಸಿ ಸೌದೆ ಹಾಕಿದ್ರೆ ಎಲ್ಲಾ ಸ್ಟೌಗಳೂ ಒಂದೇ. ಆಗತಾನೇ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು, ಆ ನೀರು ಆವಿ ಮಾಡೋಕೇ ಶಾಖ ಖರ್ಚಾಗುತ್ತೆ. ಶೇ. 20ಕ್ಕಿಂತ ಕಮ್ಮಿ ತೇವ ಇರಬೇಕು, ಅಂಥ ಸೌದೆ ಕೆಜಿಗೆ ಸುಮಾರು 4 ಯೂನಿಟ್ (ಕರೆಂಟ್ ಬಿಲ್ಲಿನ ಯೂನಿಟ್ಟೇ) ಶಾಖ ಕೊಡುತ್ತೆ. ತೇವದ ಮೀಟರ್ ಹೊರಮೈಗೆ ಚುಚ್ಚಬೇಡಿ, ಅದು ಯಾವಾಗ್ಲೂ ಒಣಗಿದೆ ಅಂತಲೇ ತೋರಿಸುತ್ತೆ, ಸೀಳಿ ಒಳಮೈಗೆ ಚುಚ್ಚಿ.

ಯಾರೂ ಹೇಳದ ಒಂದು ವಿಷಯ, ಡಸ್ಟ್ ಕಲೆಕ್ಟರ್, ಅಂದ್ರೆ ಹೊಟ್ಟು ಧೂಳು ಎಳ್ಕೊಳ್ಳೋ ಮೆಷಿನ್. ಅದರ ಗಾಳಿ ಹೊರಗೆ ಬಿಡೋ ಹಾಗೆ ಪೈಪ್ ಎಳೆದಿದ್ರೆ, ಶೆಡ್ ಬಾಗಿಲು ಕಿಟಕಿ ಮುಚ್ಚಿದ್ದಾಗ ಸ್ವಿಚ್ ಹಾಕಿ ನೋಡಿ, ಒಳಗಿನ ಗಾಳಿ ಕಮ್ಮಿಯಾಗಿ ಚಿಮ್ನಿ ಉಲ್ಟಾ ಎಳೆಯುತ್ತೆ, ಸ್ಟೌ ಬಾಗಿಲ ಸಂದಿಯಿಂದ ಹೊಗೆ ತೆಳ್ಳಗೆ ಒಳಗೆ ಬರುತ್ತೆ, ಅದರ ಜೊತೆ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಗಾಳಿ ಕೂಡ, ಅದಕ್ಕೆ ಬಣ್ಣ ವಾಸನೆ ಎರಡೂ ಇಲ್ಲ. ಸ್ಟೌಗೆ ಹೊರಗಿಂದಲೇ ನೇರ ಗಾಳಿ ಪೈಪ್ ಕೊಡಿ, ಡಸ್ಟ್ ಕಲೆಕ್ಟರ್ ಓಡುವಾಗ ಒಂದು ಕಿಟಕಿ ತೆಗೆದಿಡಿ, ಕಾರ್ಬನ್ ಮೊನಾಕ್ಸೈಡ್ ಅಲಾರಂ ಗೋಡೆಗೆ ಹಾಕಿ. ಥಿನ್ನರ್, ಪಾಲಿಶ್ ಕೆಲಸ ಇದ್ದ ದಿನ ಸ್ಟೌ ಹಚ್ಚಲೇಬೇಡಿ, ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರ್ಕೊಂಡು ಹೋಗಿ ಕೆಂಡ ಹುಡುಕುತ್ತೆ.

ಸೈಜ್ ವಿಷಯಕ್ಕೆ ದೊಡ್ಡದು ಇರಲಿ ಅಂತ ಆಸೆ ಬೇಡ. ದೊಡ್ಡ ಸ್ಟೌ ತಗೊಂಡ್ರೆ ಸೆಕೆ ತಾಳೋಕಾಗ್ದೆ ಗಾಳಿ ಮುಚ್ಚಿಡ್ತೀರ, ಮುಚ್ಚಿದ್ರೆ ಮತ್ತೆ ಅದೇ ಕ್ರಿಯೋಸೋಟ್ ಕಥೆ. ಚಿಕ್ಕದನ್ನ ತಗೊಂಡು ಜೋರಾಗಿ ಉರಿಸಿ, ಉಳಿದ ದುಡ್ಡಲ್ಲಿ ಡಬಲ್ ಗೋಡೆ ಚಿಮ್ನಿ ಹಾಕಿಸಿ, ಛಾವಣಿಯಿಂದ ಕನಿಷ್ಠ ಮೂರು ಅಡಿ ಮೇಲೆ ಹೋಗಬೇಕು, ಸುತ್ತ ಹತ್ತಡಿ ದೂರದೊಳಗೆ ಇರೋದೆಲ್ಲದಕ್ಕಿಂತ ಎರಡಡಿ ಎತ್ತರ ಇರಬೇಕು. ಇನ್ನೂ ದುಡ್ಡು ಉಳಿದ್ರೆ ಶೆಡ್ ಮಾಡಿಗೆ ಇನ್ಸುಲೇಷನ್ ಹಾಕಿಸಿ, ಆಗ ನೀವು ನೋಡಿಟ್ಟಿದ್ದ ಚಿಕ್ಕ ಮಾಡೆಲ್ಲೂ ದೊಡ್ಡದು ಅನ್ಸಬಹುದು.