ಕಾರ್ಡು ತುಂಬಿತು, ಕನ್ನಡಕ ಬರಲಿಲ್ಲ: 1908ರ ಇಂಗ್ಲೆಂಡಿನ ಶಾಲಾ ತಪಾಸಣೆ

ಇಂಗ್ಲೆಂಡ್ ಮತ್ತು ವೇಲ್ಸ್‌ನ ಪ್ರಾಥಮಿಕ ಶಾಲೆಗಳ ಮಕ್ಕಳನ್ನು ವೈದ್ಯರಿಂದ ಪರೀಕ್ಷೆ ಮಾಡಿಸುವ ಹೊಣೆ 1908ರ ಜನವರಿಯಿಂದ ಸ್ಥಳೀಯ ಶಿಕ್ಷಣಾಡಳಿತದ ಹೆಗಲೇರಿತು. ಇದಕ್ಕೆ ಆಧಾರ 1907ರ ಶಿಕ್ಷಣ ಕಾಯ್ದೆ. ರೂಪುರೇಷೆ ಶಿಕ್ಷಣ ಮಂಡಳಿಯ ಮುಖ್ಯ ವೈದ್ಯಾಧಿಕಾರಿ ಜಾರ್ಜ್ ನ್ಯೂಮನ್ ಅವರದು. ದೋಷ ಪತ್ತೆ ಹಚ್ಚುವುದರಲ್ಲಿ ಈ ಸೇವೆ ಪರವಾಗಿಲ್ಲ. ಪತ್ತೆಯಾದ ಮೇಲೆ ಮಾತ್ರ ಮಗುವನ್ನು ನಡುದಾರಿಯಲ್ಲಿ ಕೈಬಿಡುತ್ತಿತ್ತು.

ಮೊದಲು ಶಾಲೆಗೆ ಸೇರುವವರು ಮತ್ತು ಬಿಡುವವರು, ಆಮೇಲೆ ಎಂಟರ ಆಸುಪಾಸಿನವರೂ ಸರದಿಗೆ ಬಂದರು. ಬೂಟು ಕಳಚಿಸಿ ಎತ್ತರ, ತೂಕ. ಬಳಿಕ ತಲೆ, ಚರ್ಮ, ಹಲ್ಲು, ಗಂಟಲು, ಕಿವಿ, ಎದೆ. ಒಂದು ಮಗುವಿಗೆ ಸಿಗುತ್ತಿದ್ದುದು ಕೆಲವೇ ನಿಮಿಷ. ತಾಯಿಗೂ ಆಹ್ವಾನ ಹೋಗುತ್ತಿತ್ತು. ಅದು ಒಳ್ಳೆಯ ಏರ್ಪಾಡು: ರಾತ್ರಿ ಬಾಯಿ ತೆರೆದು ಗೊರಕೆ ಹೊಡೆಯುತ್ತದೆ ಎಂದು ಆಕೆ ಹೇಳಿದರೆ ಅಡಿನಾಯ್ಡ್ (ಮೂಗಿನ ಹಿಂದೆ ಊದಿ ಉಸಿರಿಗೆ ಅಡ್ಡ ಬರುವ ಅಂಗಾಂಶ) ಗುಮಾನಿ ಅಲ್ಲೇ ಹುಟ್ಟುತ್ತದೆ. ಮೇಷ್ಟ್ರು ‘ದಡ್ಡ’ ಎಂದು ಹಿಂದಿನ ಬೆಂಚಿಗೆ ತಳ್ಳಿದ ಮಗುವಿಗೆ ನಿಜಕ್ಕೂ ಕಿವಿ ಮಂದವಾಗಿರಬಹುದು.

ಕಣ್ಣಿನ ಪರೀಕ್ಷೆ ಸ್ನೆಲೆನ್ ಅಕ್ಷರಪಟ್ಟಿಯದು. ಪಟ್ಟಿ 20 ಅಡಿ ದೂರದಲ್ಲಿ, ಬೆಳಕು ಪಟ್ಟಿಯ ಮೇಲೆ, ಒಂದೊಂದೇ ಕಣ್ಣು. ಮುಚ್ಚುವ ಕಣ್ಣಿಗೆ ರಟ್ಟು ಹಿಡಿಯಬೇಕು. ಬೆರಳಿನಿಂದ ಒತ್ತಿದರೆ ಆ ಕಣ್ಣಿನ ಸರದಿ ಬಂದಾಗ ಎಲ್ಲ ಮಂಜು. ಸಾಲಿನಲ್ಲಿ ಹಿಂದೆ ನಿಂತವರು ಅಕ್ಷರ ಕೇಳಿಕೊಂಡು ಬಾಯಿಪಾಠ ಒಪ್ಪಿಸುತ್ತಾರೆ, ಹಾಗಾಗಿ ಒಬ್ಬೊಬ್ಬರನ್ನೇ ಕರೆಯಬೇಕು. ಆರು ವರ್ಷದೊಳಗಿನವರಿಗೆ ಈ ಪರೀಕ್ಷೆ ಇರಲಿಲ್ಲ, ಸರಿಯೇ.

ತೀರಾ ಕಳಪೆಯೆಂದರೆ ತಪಾಸಣೆಯ ಫಲ ಬರೆದಿಡುವ ಕಾರ್ಡಿನಲ್ಲಿದ್ದ ಪೋಷಣೆಯ ಅಂಕಣ. ಕಣ್ಣಳತೆಯಲ್ಲೇ ದರ್ಜೆ ಬರೆಯುವುದು! ಬಡ ಕೇರಿಯನ್ನೇ ನಿತ್ಯ ನೋಡುವ ವೈದ್ಯರಿಗೆ ಸೊರಗಿದ ಮಗುವೂ ‘ಸಾಧಾರಣ’. ಊರೂರಿನ ಅಂಕಿ ಹೋಲಿಸಹೊರಟವರಿಗೆ ಅದರಿಂದ ದಕ್ಕುವುದು ಕಡಿಮೆ.

ಹೇನಿನ ವಿಷಯಕ್ಕೆ ಕಾನೂನಿನ ಬಲವಿತ್ತು. 1908ರ ಮಕ್ಕಳ ಕಾಯ್ದೆಯ 122ನೇ ಕಲಮಿನಂತೆ ನೋಟಿಸು ತಲುಪಿದ 24 ಗಂಟೆಯಲ್ಲಿ ಮನೆಯವರು ಶುಚಿ ಮಾಡದಿದ್ದರೆ ಆಡಳಿತವೇ ಮಾಡಿಸಬಹುದಿತ್ತು. ಆಗಿನ ಮದ್ದು ಸೀಮೆಎಣ್ಣೆ: ಹೇನು ಸಾಯುತ್ತಿತ್ತು, ಕೂದಲಿಗಂಟಿದ ಸೀರು ಬಿಡುತ್ತಿರಲಿಲ್ಲ. ಅದಕ್ಕೆ ವಿನಿಗರ್ ಹಚ್ಚಿ ಸೀರಣಿಗೆಯಲ್ಲಿ ಬಾಚುತ್ತಿದ್ದರು. ದೀಪದ ಬಳಿ ಸೀಮೆಎಣ್ಣೆ ತಲೆ ಅಪಾಯ. ಅಕ್ಕತಂಗಿಯರ ತಲೆ, ಹಾಸಿಗೆ, ಟೋಪಿ ಬಿಟ್ಟರೆ ಹೇನು ಮತ್ತೆ ಹಾಜರು.

ಚಿಕಿತ್ಸೆಯದೇ ದೊಡ್ಡ ಗೋಳು. ‘ಕನ್ನಡಕ ಬೇಕು’ ಎಂಬ ಚೀಟಿ ಮನೆಗೆ ಹೋದರೆ ದುಡ್ಡು ಯಾರು ಕೊಡಬೇಕು? 1909ರ ಕಾಯ್ದೆ ಚಿಕಿತ್ಸೆಯ ಖರ್ಚನ್ನು ಪೋಷಕರಿಂದ ವಸೂಲು ಮಾಡಲು ದಾರಿ ಮಾಡಿತು. ಸರ್ಕಾರದ ಅನುದಾನ ಬಂದದ್ದು 1912ರಲ್ಲಿ. ಬ್ರಾಡ್‌ಫರ್ಡ್ ಮಾತ್ರ 1908ರಲ್ಲೇ ಶಾಲಾ ಕ್ಲಿನಿಕ್ ತೆರೆಯಿತು. ಅಂಥ ಕ್ಲಿನಿಕ್ಕೂ, ಮನೆಬಾಗಿಲಿಗೆ ಹೋಗಿ ವಿಚಾರಿಸುವ ನರ್ಸೂ ಇದ್ದ ಊರಿಗೆ ಐದಕ್ಕೆ ನಾಲ್ಕು ಕೊಡಬಹುದು. ಬರೀ ಕಾರ್ಡು ತುಂಬಿದ ಊರಿಗೆ ಎರಡೇ ಹೆಚ್ಚು.